ಭಾನುವಾರದ ಸವಾರಿಗೆ ರೇಸಿಂಗ್ ಸೈಕಲ್ ಬೇಕೇ?

ವಯಸ್ಸು ನಲವತ್ತೈದು ದಾಟಿದೆ, ಭಾನುವಾರ ಬೆಳಿಗ್ಗೆ ಹಾಸನದಿಂದ ಹಳೇಬೀಡಿನ ಕಡೆಗೆ ಸೈಕಲ್ ತುಳಿಯುವ ಆಸೆಯಿದೆ, ಅಂಗಡಿಯವರು ಮಾತ್ರ ಬಾಗಿದ ಹ್ಯಾಂಡಲ್ಲಿನ ರೇಸಿಂಗ್ ಸೈಕಲನ್ನೇ ಕೊಳ್ಳಿ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಸ್ಪರ್ಧೆಗೆ ಇಳಿಯುವ ಉದ್ದೇಶ ನಿಮಗಿಲ್ಲದಿದ್ದರೆ ಅದನ್ನು ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಮೊದಲ ಎರಡು ವರ್ಷ 23 ಮಿಲಿಮೀಟರ್ ಅಗಲದ ಟೈರುಗಳ ರೇಸಿಂಗ್ ಸೈಕಲನ್ನೇ ತುಳಿದೆ. ಬೇಲೂರಿಗೆ ಹೋಗಿ ಹಿಂದಿರುಗಿದ ದಿನಗಳಲ್ಲಿ ಕಿರುಬೆರಳು ಮತ್ತು ಉಂಗುರದ ಬೆರಳು ಮರಗಟ್ಟಿ, ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಹ್ಯಾಂಡಲ್ ಸೀಟಿಗಿಂತ ಬಹಳ ಕೆಳಗಿದ್ದುದರಿಂದ ಮೈಭಾರವೆಲ್ಲ ಅಂಗೈಯ ಬುಡದ ಮೇಲೆ ಬಿದ್ದು, ಅಲ್ಲಿಂದ ಆ ಎರಡು ಬೆರಳುಗಳಿಗೆ ಹೋಗುವ ನರ ಒತ್ತಿಹೋಗುತ್ತಿತ್ತು. ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಜೊತೆಯವರು ಹೇಳಿದ್ದನ್ನು ನಂಬಿ ಎರಡು ವರ್ಷ ಕಳೆದದ್ದಕ್ಕೆ ಇಂದಿಗೂ ನನಗೆ ಬೇಸರವಿದೆ.

ಸ್ಪರ್ಧಿಗಳು ಬಾಗುವುದಕ್ಕೆ ಕಾರಣವಿದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವವರು ತಮ್ಮ ಶಕ್ತಿಯ ಬಹುಪಾಲನ್ನು ಗಾಳಿಯನ್ನು ಸೀಳುವುದಕ್ಕೇ ವ್ಯಯಿಸುತ್ತಾರೆ. ಗಂಟೆಗೆ ಹದಿನೈದು ಹದಿನೆಂಟು ಕಿಲೋಮೀಟರ್ ಹೋಗುವ ನಮಗೆ ಬಾಗುವುದರಿಂದ ಸಿಗುವ ಲಾಭ ಅಲ್ಪ, ಕತ್ತು ಸೊಂಟಗಳಿಗೆ ಆಗುವ ನೋವು ಮಾತ್ರ ಪೂರ್ತಿ.

ಆ ಸೈಕಲನ್ನು ಮಾರಿ, ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಬರುವ, 38 ಮಿಲಿಮೀಟರ್ ಟೈರಿನ ಸೈಕಲ್ ಕೊಂಡೆ. ಸಪೂರ ಟೈರಿಗೆ ನೂರು ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಹೊಡೆಯುತ್ತಿದ್ದವನು ಈಗ ಐವತ್ತರ ಒಳಗೇ ನಿಲ್ಲಿಸುತ್ತೇನೆ. ಮಳೆಗಾಲ ಮುಗಿದು ಡಾಂಬರು ಕಿತ್ತ ರಸ್ತೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಎಗರುವ ಗಟ್ಟಿ ಟೈರು ನಮ್ಮ ಶಕ್ತಿಯನ್ನೂ ತಿನ್ನುತ್ತದೆ. ಅಗಲ ಟೈರು ಆ ಕಲ್ಲನ್ನು ನುಂಗಿಕೊಂಡು ಮುಂದೆ ಉರುಳುತ್ತದೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ ಹಿಂದೆಯೂ ಹೋಗಿದ್ದೆನಾದರೂ ಏರಿಯ ಮೇಲೆ ಕಂಡದ್ದು ಮುಂದಿನ ಚಕ್ರವಷ್ಟೇ. ನೆಟ್ಟಗೆ ಕುಳಿತು ತುಳಿಯತೊಡಗಿದ ಮೇಲೆಯೇ ಶಕುನಗಿರಿಯ ನೆರಳು ನೀರಿನಲ್ಲಿ ಅಲುಗಾಡುವುದನ್ನು ಕಣ್ತುಂಬ ನೋಡಿದೆ.

ಗೇರಿನ ವಿಷಯದಲ್ಲಿ ಸಂಕೋಚ ಬೇಡ. 1903ರಲ್ಲಿ ಆರಂಭವಾದ, ಫ್ರಾನ್ಸಿನ ಸೈಕಲ್ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್‌ನಲ್ಲಿ ಸ್ಪರ್ಧಿಗಳಿಗೆ ಡಿರೇಲರ್ ಗೇರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರ್) ಬಳಸಲು ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅಲ್ಲಿನ ಸಾಮಾನ್ಯ ಪ್ರವಾಸಿ ಸವಾರರು ಗೇರುಗಳ ನೆರವಿನಿಂದ ಬೆಟ್ಟ ಹತ್ತುತ್ತಿದ್ದರು. ಸ್ಪರ್ಧೆಯ ನಿಯಮ ಸ್ಪರ್ಧೆಗಷ್ಟೇ. ಹಿಂದಿನ ಚಕ್ರದ ದೊಡ್ಡ ಗೇರಿನಲ್ಲಿ 34 ಹಲ್ಲುಗಳಾದರೂ ಇರಲಿ. ಕೈಮರದಿಂದ ಮೇಲಕ್ಕೆ ಮುಳ್ಳಯ್ಯನಗಿರಿಯ ಏರು ಆರಂಭವಾದಾಗ ಅದರ ಬೆಲೆ ಮಂಡಿಗೆ ತಿಳಿಯುತ್ತದೆ.

ಮಡ್‌ಗಾರ್ಡ್ ಖಂಡಿತ ಹಾಕಿಸಿ. ಪೆಡಲಿಗೆ ಸಿಕ್ಕಿಸುವ ಬೂಟು ಅಗತ್ಯವಿಲ್ಲ. ಎರಡು ಗಂಟೆಗೂ ಮೀರಿದ ಸವಾರಿಗೆ ಮೆತ್ತೆಯಿರುವ ಚಡ್ಡಿ ಮಾತ್ರ ನಿಜವಾಗಿ ಉಪಯುಕ್ತ.

ಅಂಗಡಿಯ ಮುಂದೆ ಒಂದು ಸುತ್ತು ಹಾಕಿ ಹಣ ಕೊಡಬೇಡಿ. ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗುವಷ್ಟು ಸೀಟು ಎತ್ತರಿಸಿಕೊಂಡು, ಅರ್ಧ ಗಂಟೆಯಾದರೂ ತುಳಿಯಲು ಅವಕಾಶ ಕೇಳಿ. ಇಳಿದ ಮೇಲೆ ಅಂಗೈ, ಕತ್ತು, ಸೊಂಟಗಳಲ್ಲಿ ಯಾವುದು ನೋಯುತ್ತಿದೆ ಎಂದು ನೋಡಿಕೊಂಡು, ಅದನ್ನು ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿ.