ಲೇನ್ ಬರಲಿ ಅಂತ ಕಾಯಬೇಡಿ, ಬಂದರೂ ಅಂಚಿಗೆ ಸರಿಯಬೇಡಿ

ವಿಜಯಪುರದಲ್ಲಿ ಮನೆ, ಕೆಲಸಕ್ಕೆ ನಾಲ್ಕು ಕಿಲೋಮೀಟರ್, ಸೈಕಲ್ ತಗೊಳ್ಳುವ ಆಸೆ. ಆದರೆ ಸೈಕಲ್ ಲೇನ್ ಆಗುವ ತನಕ ಕಾಯಲಾ ಅಂತ ಅನುಮಾನ. ಜೊತೆಗೆ ಆಫೀಸಿನವರ ಮಾತು ಬೇರೆ: ಲೇನ್ ಮಾಡಿದರೂ ಯಾರು ಬಳಸುತ್ತಾರೆ, ರಸ್ತೆ ಸುಮ್ನೆ ಚಿಕ್ಕದಾಗುತ್ತೆ ಅಂತ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ನನ್ನ ತವರೂ ವಿಜಯಪುರವೇ. ಮದುವೆಯಾಗಿ ಬೆಳಗಾವಿಗೆ ಬಂದೆ. ನಲವತ್ತು ದಾಟಿದ ಮೇಲೆ ಮತ್ತೆ ಸೈಕಲ್ ಹತ್ತಿದವಳು ನಾನು, ಆಮೇಲೆ ಲೇನ್ ನಂಬಿ ಕೆಟ್ಟವಳೂ ನಾನೇ.

ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಮನೆ ಅನಗೋಳದಲ್ಲಿ. ಮೊದಲು ಸ್ಕೂಟಿ ಇತ್ತು, ಮಗ ಕಾಲೇಜು ಸೇರಿದ ಮೇಲೆ ಅದು ಅವನದಾಯಿತು. ದಿನಾ ಆಟೋಗೆ ದುಡ್ಡು ಸುರಿಯೋಕೆ ಮನಸ್ಸಾಗಲಿಲ್ಲ, ಸೈಕಲ್ ತಗೊಂಡೆ. ಮನೆಯಲ್ಲಿ ಎಲ್ಲರೂ ನಕ್ಕರು. ಅತ್ತೆ ಮಾತ್ರ, "ತಗೋಲಿ ಬಿಡ್ರಿ, ಮೊಣಕಾಲಿಗೆ ಛಲೋ" ಅಂದರು.

ಮೊದಮೊದಲು ಓಣಿಗಳಲ್ಲೇ ಹೋಗುತ್ತಿದ್ದೆ. ಅಲ್ಲಿ ಕಾಯಿಪಲ್ಯದ ಗಾಡಿ, ಆಡುವ ಮಕ್ಕಳು, ನಡುರಸ್ತೆಯಲ್ಲಿ ಮಲಗಿದ ನಾಯಿ, ಎಲ್ಲ ಇರುತ್ತವೆ. ಆದರೆ ಯಾರೂ ಜೋರಾಗಿ ಓಡಿಸೋಕೆ ಆಗೋದಿಲ್ಲ. ನನಗೆ ಒಂದು ದಿನವೂ ಹೆದರಿಕೆ ಆಗಲಿಲ್ಲ. ಲೇನ್ ಇರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ.

2016ರ ಜನವರಿಯಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಊರುಗಳ ಮೊದಲ ಪಟ್ಟಿ ಬಂತು. ಅದರಲ್ಲಿ ನಮ್ಮ ರಾಜ್ಯದಿಂದ ಇದ್ದದ್ದು ಬೆಳಗಾವಿ ಮತ್ತು ದಾವಣಗೆರೆ. ಮುಂದಿನ ವರ್ಷ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ಎಲ್ಲ ಊರಿನಲ್ಲೂ ಸೈಕಲ್ ಲೇನಿನ ಮಾತೇ ಮಾತು. ಒಂದು ದಿನ ನಾನು ಓಡಾಡುವ ಕಡೆ, ದೊಡ್ಡ ರಸ್ತೆಯೊಂದರ ಬದಿಗೆ ಬಿಳಿ ಗೆರೆ ಎಳೆದು ಒಳಗೆ ಸೈಕಲ್ ಚಿತ್ರ ಬರೆದರು. ಯಾವ ರಸ್ತೆ, ಯಾರು ಬರೆದದ್ದು ಅನ್ನೋದು ಇಲ್ಲಿ ಬೇಡ. ನನಗಂತೂ ಖುಷಿಯೋ ಖುಷಿ. ಹಾದಿ ಸ್ವಲ್ಪ ಸುತ್ತಾದರೂ ಪರವಾಗಿಲ್ಲ ಅಂತ ಓಣಿ ಬಿಟ್ಟು ಆ ರಸ್ತೆ ಹಿಡಿದೆ.

ಲೇನ್ ನೋಡೋಕೆ ಸಾಕಷ್ಟು ಅಗಲವಾಗಿಯೇ ಇತ್ತು. ಆದರೆ ಆ ಅಳತೆಯಲ್ಲಿ ಮಳೆನೀರು ಹರಿಯುವ ಇಳಿಜಾರು ಅಂಚನ್ನೂ, ಚರಂಡಿಯ ಕಬ್ಬಿಣದ ಜಾಲರಿಯನ್ನೂ ಸೇರಿಸಿಕೊಂಡಿದ್ದರು. ಜಾಲರಿಯ ಸರಳುಗಳು ರಸ್ತೆ ಹೋಗುವ ದಿಕ್ಕಿಗೇ ಉದ್ದುದ್ದ ಇದ್ದವು. ಇದು ಕಾರಿನವರಿಗೆ ಲೆಕ್ಕಕ್ಕಿಲ್ಲ, ಬೈಕಿನವರಿಗೂ ಇಲ್ಲ. ಸೈಕಲ್ ಟೈರಿಗೆ ಮಾತ್ರ ಅದು ಅಳತೆ ತೆಗೆದು ಮಾಡಿದ ಸಂದು.

ಜುಲೈ ತಿಂಗಳು. ಬೆಳಗಾವಿಯ ಮಳೆ ನಿಮಗೆ ಹೇಗೆ ಹೇಳಲಿ, ವಿಜಯಪುರದಲ್ಲಿ ಬೆಳೆದವರಿಗೆ ಅದು ಅರ್ಥವಾಗೋದೇ ಬಂದು ನೆನೆದ ಮೇಲೆ. ದಿನವಿಡೀ ಜಿಟಿಜಿಟಿ. ರಸ್ತೆ ಬದಿಯಲ್ಲಿ ಕೆಂಪು ನೀರು ನಿಂತಿತ್ತು, ಜಾಲರಿ ಅದರ ಕೆಳಗೆ. ಹಿಂದಿನಿಂದ ಒಂದು ಕಾರು ಹಾರ್ನ್ ಹೊಡೆಯಿತು. ನಾನು ಲೇನಿನ ಒಳಗೇ ಇದ್ದೆ, ಸರಿಯುವ ಅಗತ್ಯವೇ ಇರಲಿಲ್ಲ. ಆದರೂ ಒಂದು ಮೊಳ ಎಡಕ್ಕೆ ಸರಿದೆ. ಮುಂದಿನ ಚಕ್ರ ಸಂದಿಗೆ ಇಳಿದು ನಿಂತಿತು. ನಾನು ನಿಲ್ಲಲಿಲ್ಲ.

ಎಡ ಭುಜ ಅಂಚಿನ ಕಲ್ಲಿಗೆ ಬಡಿಯಿತು, ಕಾಲರ್ ಬೋನ್ ಮುರಿಯಿತು. ಬುತ್ತಿ ಡಬ್ಬಿ ತೆರೆದುಕೊಂಡು ಝುಣಕದ ವಡಿ ನೀರಿನಲ್ಲಿ ತೇಲುತ್ತಿತ್ತು. ಸಿಟ್ಟು ಬಂದದ್ದು ಅದನ್ನು ನೋಡಿ, ನೋವು ಆಮೇಲೆ. ಪಾಳಿ ಮುಗಿಸಿ ಸೈಕಲ್ ಮೇಲೆ ಹೊರಟಿದ್ದ ಫೌಂಡ್ರಿಯ ಒಬ್ಬರು ಇಳಿದು ಬಂದು ಎಬ್ಬಿಸಿದರು. ನನ್ನನ್ನು ಆಟೋದಲ್ಲಿ ಕೂರಿಸುತ್ತಾ ಅವರು ಅಂದದ್ದು: "ಬಾಜೂಕ ಯಾಕ ಸರದ್ರಿ ಅಕ್ಕಾರ? ನೀವು ಜಾಗಾ ಬಿಟ್ಟಷ್ಟೂ ಅವ್ರು ಒಳಗ ಬರ್ತಾರ." ಆಗ ಮೈಯೆಲ್ಲ ಉರಿಯಿತು. ಬಿದ್ದವಳಿಗೆ ಬುದ್ಧಿ ಹೇಳುವ ಹೊತ್ತೇ ಇದು ಅನ್ನಿಸಿತು. ಈಗ ಯೋಚಿಸಿದರೆ ಸೈಕಲ್ ವಿಷಯದಲ್ಲಿ ನನಗೆ ಸಿಕ್ಕ ಉಪಯೋಗದ ಮಾತು ಅದೊಂದೇ.

ತಪ್ಪು ಮಳೆಯದ್ದಲ್ಲ. ಬ್ರೇಕ್ ಸರಿಯಿತ್ತು, ಟೈರೂ ಹೊಸದು. ಜಾಲರಿ ಹಾಕಿದವರದು ತಪ್ಪು ಹೌದು, ಆದರೆ ಆ ಜಾಲರಿ ಎಂದಿನಿಂದಲೂ ಅಲ್ಲೇ ಇತ್ತು, ನಾನೇ ಅದರ ಬಾಜು ಹೋಗುತ್ತಿರಲಿಲ್ಲ. ಗೆರೆ ಎಳೆದ ಮೇಲೆ ನನ್ನ ಜಾಗ ಈ ಮೂಲೆ ಅಂತ ನಾನೇ ಒಪ್ಪಿಕೊಂಡುಬಿಟ್ಟೆ. ಅಂಚಿಗೆ ಅಂಟಿಕೊಂಡು ಹೋಗುವವರನ್ನು ಹಿಂದಿನ ಡ್ರೈವರ್ ಲೆಕ್ಕಕ್ಕೇ ಹಿಡಿಯೋದಿಲ್ಲ. ಇಬ್ಬರಿಗೂ ಜಾಗ ಇದೆ ಅಂದುಕೊಂಡು ವೇಗ ಇಳಿಸದೆ ಗೇಣು ಅಂತರದಲ್ಲಿ ಹಾದುಹೋಗುತ್ತಾನೆ. ಅಂಚಿನಿಂದ ಒಂದು ಮೀಟರ್ ಒಳಗೆ ಇದ್ದರೆ ಅವನು ಸ್ಟೇರಿಂಗ್ ತಿರುಗಿಸಿ ದಾಟಲೇಬೇಕು. ದಾಟೋಕೆ ಜಾಗ ಇಲ್ಲದಿದ್ದರೆ ಹಿಂದೆಯೇ ನಿಲ್ಲುತ್ತಾನೆ, ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ನಿಮ್ಮನ್ನು ನೋಡಿದ್ದಾನೆ ಅನ್ನೋದಕ್ಕೆ ಹಾರ್ನೇ ಸಾಕ್ಷಿ. ನೋಡದೇ ಬರುವವನು ಹಾರ್ನ್ ಹೊಡೆಯೋದಿಲ್ಲ. ಇನ್ನೊಂದು, ಅಂಚಿನಲ್ಲಿದ್ದರೆ ತಪ್ಪಿಸಿಕೊಳ್ಳೋಕೆ ಎಡಕ್ಕೆ ಜಾಗವೇ ಉಳಿದಿರೋದಿಲ್ಲ. ಕಡಿ, ಒಡೆದ ಬಾಟಲಿಯ ಚೂರು, ನಿಂತ ಕಾರಿನಿಂದ ದಢಕ್ಕನೆ ತೆರೆಯುವ ಬಾಗಿಲು, ರಾಂಗ್ ಸೈಡಿನಲ್ಲಿ ಬರುವ ಬೈಕು, ಎಲ್ಲವೂ ಅಲ್ಲೇ. ಒಂದು ಮೀಟರ್ ಬಿಟ್ಟು ಹೋಗುತ್ತಿದ್ದರೆ ಅವತ್ತು ಹಾರ್ನಿಗೆ ಗಾಬರಿಯಾಗಿ ಒಂದು ಮೊಳ ಸರಿದಿದ್ದರೂ ಜಾಲರಿ ಆಚೆಗೇ ಉಳಿಯುತ್ತಿತ್ತು.

ಇದನ್ನೇ ಜಾಸ್ತಿ ಹೇಳುತ್ತಿದ್ದೇನೆ ಅಂತ ಗೊತ್ತು. ಮುರಿದ ಮೂಳೆಗೆ ಪ್ಲೇಟ್ ಹಾಕಿಸಿಕೊಂಡವಳು ನಾನು, ಬಿಲ್ ಕಟ್ಟಿದವಳೂ ನಾನು. ಕೈ ಕೊರಳಿಗೆ ಕಟ್ಟಿಕೊಂಡು, ಒಂದೇ ಕೈಯಲ್ಲಿ ಕೀಲಿಮಣೆ ಕುಟ್ಟುತ್ತಾ ರಿಟರ್ನ್ಸ್ ತುಂಬಿದ್ದೇನೆ. ಆ ವರ್ಷದ ಇನ್‌ಕ್ರಿಮೆಂಟೂ ಕೈತಪ್ಪಿತು. ಅದಕ್ಕೇ ಹೇಳುತ್ತೇನೆ.

ಈಗ "ಯಾರು ಬಳಸುತ್ತಾರೆ" ಅನ್ನುವ ಮಾತಿಗೆ ಬರೋಣ. ನಿಮ್ಮ ಆಫೀಸಿನವರು ಎಷ್ಟು ಗಂಟೆಗೆ ಮನೆ ಬಿಡುತ್ತಾರೆ? ಹತ್ತು ಗಂಟೆ ಸುಮಾರಿಗೆ ಅಲ್ವಾ? ಸೈಕಲ್‌ನವರು ಅಷ್ಟೊತ್ತಿಗೆ ಕೆಲಸದಲ್ಲಿರುತ್ತಾರೆ. ಬೆಳಗ್ಗೆ ಮೊದಲ ಪಾಳಿಯ ಹೊತ್ತಿಗೆ ಉದ್ಯಮಬಾಗದ ಕಡೆ ನಿಂತು ನೋಡಿ. ಹ್ಯಾಂಡಲ್ಲಿಗೆ ಬುತ್ತಿಚೀಲ, ಕ್ಯಾರಿಯರಿಗೆ ಸಿಕ್ಕಿಸಿದ ರೇನ್‌ಕೋಟು, ಎಣ್ಣೆ ಕಂಡು ವರ್ಷವಾದ ಚೈನು. ಮೋಲ್ಡಿಂಗಿನವರು, ಹೆಲ್ಪರ್‌ಗಳು, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್‌ಗಳು. ಇವರನ್ನು ಯಾರೂ ಸೈಕ್ಲಿಸ್ಟ್ ಅನ್ನೋದಿಲ್ಲ, ಹೆಲ್ಮೆಟ್ ಹಾಕಿಕೊಂಡು ಭಾನುವಾರ ಕಿಲ್ಲಾ ಕೆರೆ ಕಡೆ ಹೋಗುವವರನ್ನು ಮಾತ್ರ ಅನ್ನುತ್ತಾರೆ. ಮತ್ತೆ ಇವರು ಲೇನ್ ಬಳಸಲಿಲ್ಲ ಅಂತ ದೂರು. ಲೇನ್ ಇವರ ಹಾದಿಯಲ್ಲಿ ಇದ್ದರಲ್ಲವೇ ಬಳಸೋದು?

2011ರ ಜನಗಣತಿ ತೆಗೆದು ನೋಡಿ. ದೇಶದಲ್ಲಿ ನೂರಕ್ಕೆ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು, ಬೈಕು ಸ್ಕೂಟರ್ ಇದ್ದದ್ದು 21ರಲ್ಲಿ. ಆಮೇಲೆ ಬೈಕು ಜಾಸ್ತಿಯಾಗಿವೆ, ಒಪ್ಪುತ್ತೇನೆ. ಆದರೆ ನಮ್ಮ ರಾಜ್ಯದಲ್ಲೇ 2006-07ರಿಂದ ಕೋವಿಡ್ ಬರುವ ತನಕ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟರು. ಅಷ್ಟು ಸೈಕಲ್ ಹಂಚಿದವರು ಆ ಮಕ್ಕಳು ಲಾರಿ ಪಕ್ಕದಲ್ಲಿ ಹೇಗೆ ಹೋಗಬೇಕು ಅಂತ ಯೋಚಿಸಬೇಕಿತ್ತು. ವಿಜಯಪುರದವರಾಗಿ ನಿಮಗೆ ಗೊತ್ತೇ ಇದೆ, ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಸೈಕಲ್ ರೇಸಿನಲ್ಲಿ ಪದಕ ತರುತ್ತಾರೆ. ಅವರೂ ಬಹಳ ವರ್ಷ ಅಭ್ಯಾಸ ಮಾಡಿದ್ದು ಲಾರಿ ಓಡಾಡುವ ಹೆದ್ದಾರಿಯಲ್ಲೇ.

ಲೇನ್ ಖಾಲಿ ಬೀಳೋದಕ್ಕೆ ಕಾರಣ ಬೇರೆಯೇ ಇದೆ. ಎಲ್ಲಿಂದಲೋ ಶುರುವಾಗಿ ಸರ್ಕಲ್ ಬರುವ ಹೊತ್ತಿಗೆ ಮಾಯವಾಗುತ್ತದೆ. ನಿಜವಾಗಿ ಬೇಕಾದದ್ದು ಸರ್ಕಲ್ಲಿನಲ್ಲಿ, ಎಡಕ್ಕೆ ತಿರುಗುವ ಬಸ್ಸು ನಮ್ಮನ್ನು ಒತ್ತುವುದು ಅಲ್ಲೇ. ಸ್ಪೇನ್ ದೇಶದ ಸೆವಿಲ್ಲೆ ಅನ್ನುವ ಊರಿನಲ್ಲಿ 2006-07ರ ಸುಮಾರಿಗೆ ತುಂಡು ತುಂಡಾಗಿ ಮಾಡದೆ, ಒಂದಕ್ಕೊಂದು ಕೂಡುವಂತೆ 80 ಕಿಲೋಮೀಟರ್ ಆಸುಪಾಸಿನ ಹಾದಿಯನ್ನು ಹೆಚ್ಚುಕಡಿಮೆ ಒಂದೇ ಬೀಸಿಗೆ ಮಾಡಿದರು. ಅದೂ ಬಣ್ಣ ಬಳಿದದ್ದಲ್ಲ, ವಾಹನಗಳಿಂದ ಬೇರೆ ಮಾಡಿದ್ದು. ಕೆಲವೇ ವರ್ಷಗಳಲ್ಲಿ ಅಲ್ಲಿ ಸೈಕಲ್ ಓಡಾಟ ಹಲವು ಪಟ್ಟು ಏರಿತು. ನಮ್ಮ ಬಿಸಿಲಿಗೆ ಸೈಕಲ್ ಯಾರು ಹೊಡೀತಾರೆ ಅನ್ನುವವರಿಗೆ ಇದನ್ನೂ ಹೇಳಿ: ಬೇಸಿಗೆಯಲ್ಲಿ ಅಲ್ಲೂ 40 ಡಿಗ್ರಿ ದಾಟುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಚಿಕ್ಕ ಕಂಬ ನೆಟ್ಟು ಲೇನ್ ಮಾಡಿದ್ದರು. ಅದರೊಳಗೆ ಬೈಕುಗಳು ನುಗ್ಗಿದವು. ಸೈಕಲ್‌ನವರು ಬರಲಿಲ್ಲ ಅಂತ ಆಡಿಕೊಂಡವರು ಬೈಕಿನವರನ್ನು ಯಾಕೆ ಕೇಳಲಿಲ್ಲವೋ.

ನನ್ನ ಅಭಿಪ್ರಾಯ ಕೇಳಿದರೆ, ಲೇನ್ ಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಆ ರಸ್ತೆಯಲ್ಲಿ ಗಾಡಿ ಎಷ್ಟು ವೇಗದಲ್ಲಿ ಹೋಗುತ್ತದೆ ಅಂತ ಕೇಳಿ. 50ರಲ್ಲಿ ಬರುವ ಕಾರಿನ ಹೊಡೆತದ ಶಕ್ತಿ 30ರಲ್ಲಿ ಬರುವ ಅದೇ ಕಾರಿಗಿಂತ ಎರಡೂಮುಕ್ಕಾಲು ಪಟ್ಟಿಗೂ ಜಾಸ್ತಿ. ವೇಗದ ವರ್ಗ ಅಂತ ಹೈಸ್ಕೂಲಿನಲ್ಲಿ ಓದಿದ್ದೇವಲ್ಲ, ಅದೇ ಲೆಕ್ಕ. ನಿಮ್ಮೂರಿನ ಗಾಂಧಿ ಚೌಕದ ಸುತ್ತ ಲೇನ್ ಮಾಡೋದು ದಂಡ. ಅಲ್ಲಿ ಟಾಂಗಾ, ಆಟೋ, ಜನ ಎಲ್ಲ ಸೇರಿ ಯಾರನ್ನೂ ಓಡಲು ಬಿಡೋದಿಲ್ಲ, ಸೈಕಲ್ ಅಲ್ಲಿ ಆರಾಮ. ಸೋಲಾಪುರ ರಸ್ತೆಯಲ್ಲಿ ಬಿಳಿ ಗೆರೆ ಹಾಕಿದರೆ ಅದು ಬರೀ ಬಣ್ಣದ ಖರ್ಚು. ಅಂಥ ಕಡೆ ಎತ್ತರದ ಅಂಚುಕಲ್ಲು ಇಟ್ಟು ಹಾದಿಯನ್ನೇ ಬೇರೆ ಮಾಡಬೇಕು, ಇಲ್ಲಾಂದರೆ ಬಿಟ್ಟುಬಿಡಬೇಕು. ರಸ್ತೆ ಹೇಗಿರಬೇಕು ಅಂತ ಮಾನದಂಡ ಬರೆಯುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ಸಿನಲ್ಲಿ ಸೈಕಲ್ ಹಾದಿಗೆಂದೇ ಒಂದು ಕೈಪಿಡಿ ಇದೆ, 1962ರದ್ದು, 2015ರಲ್ಲಿ ತಿದ್ದಿದ್ದು. ನಿಮ್ಮ ವಾರ್ಡಿನ ಸಭೆಯಲ್ಲಿ ಲೇನ್ ಮಾತು ಬಂದರೆ ಆ ಪುಸ್ತಕ ನೋಡಿದ್ದೀರಾ ಅಂತ ಒಂದು ಮಾತು ಕೇಳಿ. ಚರಂಡಿ ಬಿಟ್ಟು ಅಗಲ ಎಷ್ಟು, ಜಾಲರಿಯ ಸರಳು ಅಡ್ಡ ಇದೆಯಾ ಉದ್ದ ಇದೆಯಾ, ಅದನ್ನೂ ಕೇಳಿ. ಲೇನಿನಲ್ಲಿ ನಿಂತ ಪಾನಿಪುರಿ ಗಾಡಿಯವನ ಜೊತೆ ಮಾತ್ರ ಜಗಳಕ್ಕೆ ಹೋಗಬೇಡಿ. ಅವನಿಗೂ ಜಾಗ ಬೇಕಲ್ಲ, ಅವನದೂ ಹೊಟ್ಟೆಪಾಡು. ಅಲ್ಲಿ ಇಡೀ ದಿನ ಕಾರು ನಿಲ್ಲಿಸಿ ಹೋಗುವವರು ಬೇರೆ ಇದ್ದಾರೆ.

ಹಾಗಾಗಿ ನಾಲ್ಕು ಕಿಲೋಮೀಟರಿಗೆ ಯಾವ ಲೇನನ್ನೂ ಕಾಯಬೇಡಿ. ಒಂದು ಭಾನುವಾರ ಮನೆಯಿಂದ ಆಫೀಸಿನ ತನಕ ಓಣಿ ಓಣಿ ಸುತ್ತಿ ನಿಧಾನದ ಹಾದಿ ಹುಡುಕಿಕೊಳ್ಳಿ. ಅದು ಐದಾರು ನಿಮಿಷ ಜಾಸ್ತಿಯಾದರೂ ಅದೇ ನಿಮ್ಮ ಲೇನ್. ರೈಲ್ವೆ ಗೇಟ್ ಇದ್ದರೆ, ಗೇಟ್ ಎದ್ದ ತಕ್ಷಣ ಹೊರಡಬೇಡಿ. ಬೈಕಿನವರೆಲ್ಲ ನುಗ್ಗಿ ಹೋಗಲಿ, ಆಮೇಲೆ ಹಳಿಗೆ ನೇರವಾಗಿ ದಾಟಿ. ಓರೆಯಾಗಿ ದಾಟಿದರೆ ಹಳಿಯ ಸಂದೂ ಜಾಲರಿಯ ಸಂದೂ ಒಂದೇ.

ಸೈಕಲ್ ವಿಷಯಕ್ಕೆ ಬಂದರೆ, ಗೇರ್ ಬೇಡ. ನಿಮ್ಮೂರು ಅಷ್ಟೇನೂ ಏರುಪೇರಿಲ್ಲ. ತೆಳು ಟೈರಿನದಂತೂ ಮುಟ್ಟಬೇಡಿ, ಚೆನ್ನಾಗಿ ಕಾಣುತ್ತೆ ಅಂತ ಅಂಗಡಿಯವನು ಅದನ್ನೇ ತೋರಿಸುತ್ತಾನೆ. ದಪ್ಪ ಟೈರು, ಮಡ್‌ಗಾರ್ಡ್, ಪೂರ್ತಿ ಚೈನ್ ಕವರ್ ಇರಲಿ. ಪ್ಯಾಂಟಾದರೂ ಓಢಣಿಯಾದರೂ ಚೈನಿಗೆ ಸಿಕ್ಕರೆ ಗತಿ ಒಂದೇ. ಬಲಗಡೆ ಒಂದು ಕನ್ನಡಿ ಹಾಕಿಸಿಕೊಳ್ಳಿ. ಹಳೇ ಸೈಕಲ್ ಸಿಕ್ಕರೆ ಇನ್ನೂ ಒಳ್ಳೆಯದು. ತಗೊಳ್ಳುವ ಮುಂಚೆ ಚಕ್ರ ಎತ್ತಿ ತಿರುಗಿಸಿ, ರಿಮ್ ಬ್ರೇಕ್ ರಬ್ಬರಿಗೆ ಒಂದು ಕಡೆ ತಾಗಿ ಇನ್ನೊಂದು ಕಡೆ ತಾಗದೇ ಓಲಾಡಿದರೆ ಆ ಸೈಕಲ್ ಎಲ್ಲೋ ಬಿದ್ದಿದೆ ಅಂತ ತಿಳಿದು ಬೆಲೆ ಇಳಿಸಿ ಕೇಳಿ. ನನ್ನದನ್ನು ಮಾರಿದಾಗ ತಗೊಂಡವರು ಹಾಗೇ ಮಾಡಿದರು.