ತಮ್ಮನ ಕಾಲಿನ ಮೂಳೆ 5 ಸೆಂಟಿಮೀಟರ್ ಹೋಗಿದೆ. ರಿಂಗ್ ಹಾಕಿಸಿದರೆ ಬೇಗ ಆಗುತ್ತಾ, ಸಿಮೆಂಟ್ ಇಟ್ಟು ಗ್ರಾಫ್ಟ್ ಮಾಡಿಸಿದರೆ ಬೇಗ ಆಗುತ್ತಾ?

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಇದೆ. "ಇನ್ನೂ 2 ಸೆಂಟಿಮೀಟರ್ ಸತ್ತಿದೆ, ತೆಗೀಬೇಕು ಅಂತ ಡಾಕ್ಟರ್ ಹೇಳ್ತಿದ್ದಾರೆ, ನಾವು ಒಪ್ಪಿಲ್ಲ." ಕಾಲಿನ ಸುತ್ತ ಉಕ್ಕಿನ ರಿಂಗ್ ಹಾಕಿಸೋದಾ, ಮೂಳೆ ಹೋದ ಜಾಗದಲ್ಲಿ ಸಿಮೆಂಟ್ ಇಟ್ಟು ಆಮೇಲೆ ಗ್ರಾಫ್ಟ್, ಅಂದರೆ ಬೇರೆ ಕಡೆಯಿಂದ ತೆಗೆದ ಮೂಳೆ, ತುಂಬಿಸೋದಾ ಅನ್ನೋದು ಆಮೇಲಿನ ಮಾತು. ಆ ಒಂದು ಸಾಲಿಗೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ. 2015ರಲ್ಲಿ ಅದೇ ಮಾತನ್ನು ನಾನೂ ಹೇಳಿದ್ದೆ.

ನಾನು ಪೀಣ್ಯದಲ್ಲಿ ಲೇತ್ ಆಪರೇಟರ್ ಆಗಿದ್ದೆ. ನವೆಂಬರ್ ತಿಂಗಳು, ಸೆಕೆಂಡ್ ಶಿಫ್ಟ್ ಮುಗಿಸಿ ಬೈಕಿನಲ್ಲಿ ನೆಲಮಂಗಲದ ಕಡೆ ಮನೆಗೆ ಹೊರಟಿದ್ದೆ. ಮಳೆ ಬಂದು ನಿಂತಿತ್ತು. ಲಾರಿ ಎಡಕ್ಕೆ ಎಳೆದುಕೊಂಡಿತು, ನಾನು ಕೆಳಗೆ ಬಿದ್ದೆ. ಬಲಗಾಲಿನ ಮೊಣಕಾಲ ಕೆಳಗೆ ಮೂಳೆ ಮುರಿದು ಆಚೆ ಬಂದಿತ್ತು, ಅದರ ತುಂಬಾ ರಸ್ತೆಯ ಕೆಸರು. ಸುಮಾರು 4 ಸೆಂಟಿಮೀಟರಿನ ಒಂದು ತುಂಡು ಅಲ್ಲೇ ರಸ್ತೆಯಲ್ಲೇ ಹೋಯಿತು.

ಆ ರಾತ್ರಿ ಗಾಯ ತೊಳೆದು, ಕಾಲಿಗೆ ಹೊರಗಿನಿಂದ ರಾಡ್ ಹಾಕಿ ನಿಲ್ಲಿಸಿದರು. ಎರಡು ದಿನ ಬಿಟ್ಟು ಮತ್ತೆ ತೊಳೆದರು. ಆಮೇಲೆ ಡಾಕ್ಟರ್ ಬಂದು ನನ್ನ ಪಕ್ಕ ಕೂತರು. "ಮುರಿದ ಎರಡು ತುದಿಯಲ್ಲೂ ಮೂಳೆ ಸತ್ತಿದೆ. ಒಟ್ಟು 3 ಸೆಂಟಿಮೀಟರ್ ತೆಗೀಬೇಕು. ಆಗ 7 ಸೆಂಟಿಮೀಟರ್ ಗ್ಯಾಪ್ ಆಗುತ್ತೆ, ಅದನ್ನ ತುಂಬೋ ದಾರಿ ಇದೆ" ಅಂದರು. ನನ್ನ ಕಿವಿಗೆ ಬಿದ್ದದ್ದು "ತೆಗೀಬೇಕು" ಅನ್ನೋದೊಂದೇ. ನಾಲ್ಕು ಹೋಗಿರೋದೇ ಸಾಕಾಗಿದೆ, ಇರೋದನ್ನೂ ಕತ್ತರಿಸ್ತೀವಿ ಅಂತಾರಲ್ಲ ಅನ್ನಿಸಿತು. ನಾನು ಕೈ ಮುಗಿದೆ. ನಮ್ಮ ಮಾವನೂ ಕೈ ಮುಗಿದರು. ಡಾಕ್ಟರ್ ಇನ್ನೊಂದು ಸಲ ಬಿಡಿಸಿ ಹೇಳಿದರು. ನಾವು ಡಿಸ್ಚಾರ್ಜ್ ಬರೆಸಿಕೊಂಡು ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿ ಮೂಳೆ ಉಳಿಸಿಕೊಡ್ತೀವಿ ಅಂದರು. ಪ್ಲೇಟ್ ಹಾಕಿ, ಸೊಂಟದ ಮೂಳೆಯಿಂದ ಗ್ರಾಫ್ಟ್ ತೆಗೆದು ತುಂಬಿದರು. ಎಕ್ಸ್‌ರೇ ನೋಡಿದರೆ ಕಾಲು ನೆಟ್ಟಗೆ, ಚೆನ್ನಾಗಿ ಕಾಣಿಸುತ್ತಿತ್ತು. ನಾವು ಗೆದ್ದೆವು ಅಂದುಕೊಂಡೆವು.

ಎರಡನೇ ಡಾಕ್ಟರನ್ನು ಕೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೇಳಲೇಬೇಕು. ಆದರೆ ನಾನು ಅಭಿಪ್ರಾಯ ಕೇಳೋಕೆ ಹೋಗಲಿಲ್ಲ, "ಕತ್ತರಿಸೋದು ಬೇಡ" ಅನ್ನುವವರನ್ನು ಹುಡುಕಿಕೊಂಡು ಹೋದೆ. ಹುಡುಕಿದರೆ ಅಂಥವರು ಸಿಕ್ಕೇ ಸಿಗುತ್ತಾರೆ.

ಐದು ವಾರಕ್ಕೆ ಹೊಲಿಗೆಯ ಪಕ್ಕ ಒದ್ದೆಯಾಯಿತು. ಆಮೇಲೆ ಕೀವು. ಮಾತ್ರೆ ಕೊಟ್ಟರೆ ಒಣಗುವುದು, ನಿಲ್ಲಿಸಿದ ಹತ್ತು ದಿನಕ್ಕೆ ಮತ್ತೆ ಸೋರುವುದು. ಹೀಗೇ 14 ತಿಂಗಳು ಕಳೆಯಿತು. ಒಂದು ಬೆಳಗ್ಗೆ ನನ್ನ ಹೆಂಡತಿ ಡ್ರೆಸ್ಸಿಂಗ್ ಬಿಚ್ಚಿದಾಗ ಬಟ್ಟೆಗೆ ಏನೋ ಅಂಟಿಕೊಂಡಿತ್ತು. ದಪ್ಪ ಅವಲಕ್ಕಿಯಷ್ಟು ಅಗಲ, ಒಂದು ಅಂಚು ಚೂಪು, ಬಣ್ಣ ಬಿಳಿ. ಉಗುರಿನಿಂದ ಒತ್ತಿದರೆ ಗಟ್ಟಿ. ಅದು ನನ್ನ ಮೂಳೆ. "ಹೊಲಸೆಲ್ಲಾ ಆಚೆ ಬರ್ತಿದೆ, ಇನ್ನು ವಾಸಿಯಾಗುತ್ತೆ" ಅಂದಳು ಅವಳು. ನನಗೂ ಹಾಗೇ ಅನ್ನಿಸಿತು. ಸೊಂಟದಿಂದ ತೆಗೆದು ತುಂಬಿದ ಗ್ರಾಫ್ಟ್ ಅಷ್ಟರಲ್ಲಿ ಪೂರ್ತಿ ಕರಗಿ ಹೋಗಿತ್ತು.

ಸತ್ತ ಮೂಳೆಯನ್ನು ಬಿಟ್ಟರೆ ಯಾಕೆ ಹೀಗಾಗುತ್ತೆ ಅನ್ನೋದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕಾಲಿನ ಮುಂಭಾಗವನ್ನು ಒಮ್ಮೆ ಮುಟ್ಟಿ ನೋಡಿ. ಚರ್ಮ, ಅದರ ಕೆಳಗೇ ಮೂಳೆ. ಮಾಂಸವೇ ಇಲ್ಲ. ಮೂಳೆಗೆ ರಕ್ತ ಬರೋದು ಒಳಗಿನ ಮಜ್ಜೆಯ ಕಡೆಯಿಂದ ಮತ್ತು ಹೊರಗೆ ಅಂಟಿಕೊಂಡಿರುವ ಪೊರೆ, ಮಾಂಸದ ಕಡೆಯಿಂದ. ಏಟು ಬಿದ್ದು ಎರಡೂ ಹರಿದುಹೋದರೆ ಆ ತುದಿಗೆ ರಕ್ತ ಇಲ್ಲ. ನಾವು ನುಂಗುವ ಆಂಟಿಬಯಾಟಿಕ್ ಹೋಗೋದೂ ರಕ್ತದ ಜೊತೆಗೇ. ರಕ್ತ ತಲುಪದ ಕಡೆ ಮಾತ್ರೆ ಹೇಗೆ ತಲುಪುತ್ತೆ? ಆದರೆ ಕ್ರಿಮಿಗಳು ತಲುಪುತ್ತವೆ. ಸತ್ತ ಮೂಳೆಯ ಮೇಲೆ, ಪ್ಲೇಟಿನ ಮೇಲೆ, ಬಾವಿ ಮೆಟ್ಟಿಲ ಪಾಚಿಯ ಹಾಗೆ ಪದರವಾಗಿ ಕೂರುತ್ತವೆ. ಪಾಚಿಯ ಮೇಲೆ ಎಷ್ಟು ಕೊಡ ನೀರು ಸುರಿದರೂ ಹೋಗಲ್ಲ. ಕೆರೆದೇ ತೆಗೆಯಬೇಕು. ನಾನು 14 ತಿಂಗಳು ನೀರು ಸುರಿದೆ.

2017ರ ಫೆಬ್ರವರಿಯಲ್ಲಿ ಮೂರನೇ ಕಡೆ ಹೋದೆ. ಆ ಡಾಕ್ಟರ್ ಮೊದಲು ಎಲ್ಲಾ ಮಾತ್ರೆ ನಿಲ್ಲಿಸಿದರು. ಎರಡು ವಾರ ಬಿಟ್ಟು ಆಪರೇಷನ್ನಿನಲ್ಲೇ ಆಳದಿಂದ ಚೂರು ತೆಗೆದು, ಯಾವ ಕ್ರಿಮಿ ಅಂತ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿದರು. ಮೇಲೆ ಸೋರುವ ಕೀವನ್ನು ಒರೆಸಿ ಪರೀಕ್ಷೆ ಮಾಡಿದರೆ ಚರ್ಮದ ಮೇಲಿನ ಕ್ರಿಮಿ ಸಿಗುತ್ತೆ, ಮೂಳೆಯೊಳಗಿನದು ಸಿಗದೇ ಇರಬಹುದು ಅಂದರು. ಅಷ್ಟು ದಿನ ನನಗೆ ಆಗುತ್ತಿದ್ದದ್ದು ಮೇಲೆ ಒರೆಸಿದ ಪರೀಕ್ಷೆಯೇ.

ಪ್ಲೇಟ್ ತೆಗೆದು, ಮೂಳೆಯನ್ನು ಸ್ವಲ್ಪ ಸ್ವಲ್ಪವೇ ಉಜ್ಜುತ್ತಾ ಹೋದರು. ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ ಅಂತ ಆಮೇಲೆ ಕೇಳಿದೆ. ಮೊಬೈಲ್‌ನಲ್ಲಿ ಒಂದು ಫೋಟೊ ತೋರಿಸಿದರು. ದಂತದ ಬಣ್ಣದ ಮೂಳೆ, ಒಂದು ಗೆರೆಯಿಂದಾಚೆ ಅದರ ಮೇಲೆಲ್ಲಾ ಸಣ್ಣ ಸಣ್ಣ ಕೆಂಪು ಚುಕ್ಕೆ, ಖಾರದ ಪುಡಿ ಉದುರಿಸಿದ ಹಾಗೆ. ಆ ಚುಕ್ಕೆ ರಕ್ತ. ಅಲ್ಲಿಂದ ಮೂಳೆಗೆ ಜೀವ ಇದೆ. ಗೆರೆಯ ಈಚೆ ಒಂದು ಚುಕ್ಕೆಯೂ ಇಲ್ಲ. ನಾನು ಕೈ ಮುಗಿದು ಉಳಿಸಿಕೊಂಡದ್ದು ಆ ಚುಕ್ಕೆ ಇಲ್ಲದ ಭಾಗವನ್ನು.

ಅಷ್ಟೊತ್ತಿಗೆ ಕೀವು ಪಕ್ಕದ ಒಳ್ಳೆ ಮೂಳೆಯನ್ನೂ ತಿಂದಿತ್ತು. ಗ್ಯಾಪ್ 9 ಸೆಂಟಿಮೀಟರ್ ಆಯಿತು. ಮೊದಲನೇ ಡಾಕ್ಟರ್ ಮಾತು ಕೇಳಿದ್ದರೆ 7.

ಈಗ ನಿಮ್ಮ ರಿಂಗ್, ಸಿಮೆಂಟ್ ವಿಚಾರ. "ಯಾವುದು ಬೇಗ" ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಒಳಗೆ ಕ್ಲೀನ್ ಆಗಿಲ್ಲದಿದ್ದರೆ ಎರಡೂ ಕೈಕೊಡುತ್ತವೆ. ಕ್ಲೀನ್ ಇದ್ದರೆ ಎರಡಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತೆ. ಸಿಮೆಂಟ್ ಇಡೋದು ಮೂಳೆ ತುಂಬೋದಕ್ಕೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಸಿಮೆಂಟಿನ ಉಂಡೆ ಜಾಗ ಹಿಡಿದುಕೊಂಡು ಕೂರುತ್ತೆ. ಆರರಿಂದ ಎಂಟು ವಾರದಲ್ಲಿ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತೆ. ಆಮೇಲೆ ಪೊರೆ ಸೀಳಿ, ಸಿಮೆಂಟ್ ತೆಗೆದು, ಆ ಚೀಲದೊಳಗೆ ಸೊಂಟದ ಮೂಳೆಯ ಪುಡಿ ತುಂಬುತ್ತಾರೆ. ಪೊರೆಯಲ್ಲಿ ರಕ್ತನಾಳ ಇರುತ್ತೆ, ತುಂಬಿದ್ದು ಕರಗದ ಹಾಗೆ ಕಾಯುತ್ತೆ. ಫ್ರಾನ್ಸಿನ ಮಾಸ್ಕಲೆ ಅನ್ನುವ ಡಾಕ್ಟರ್ 1980ರ ದಶಕದಲ್ಲಿ ಕಂಡುಕೊಂಡ ದಾರಿ ಇದು. ನನ್ನ ಪಕ್ಕದ ಬೆಡ್ಡಿನಲ್ಲಿದ್ದ ಕುಣಿಗಲ್ ಕಡೆಯ ಹುಡುಗನಿಗೆ ತೊಡೆಯ ಮೂಳೆಗೆ ಇದನ್ನೇ ಮಾಡಿದರು, ಒಂದು ವರ್ಷಕ್ಕೆ ಕೋಲಿಲ್ಲದೆ ನಡೆದ. ಅಂದರೆ ಇದಕ್ಕೂ ಒಂದು ವರ್ಷವೇ ಆಯಿತು.

ನನಗೂ ಮೊದಲು ಔಷಧಿ ಬೆರೆಸಿದ ಸಿಮೆಂಟನ್ನೇ ಇಟ್ಟರು, ಆರು ವಾರ. ಆದರೆ 9 ಸೆಂಟಿಮೀಟರ್ ತುಂಬಲು ತುಂಬಾ ಗ್ರಾಫ್ಟ್ ಬೇಕು, ಒಂದು ಕಡೆಯ ಸೊಂಟ ಆಗಲೇ ಖಾಲಿ. ಹಾಗಾಗಿ ಏಪ್ರಿಲ್‌ನಲ್ಲಿ ರಿಂಗ್ ಹಾಕಿದರು. ನಿಮ್ಮ ತಮ್ಮನ ಲೆಕ್ಕ ಬೇರೆ ಇರಬಹುದು. ಆ ಡಾಕ್ಟರಿಗೆ ಯಾವುದು ಚೆನ್ನಾಗಿ ಕೈ ಹತ್ತಿದೆಯೋ ಅದನ್ನು ಮಾಡಲಿ ಅಂತ ನಾನು ಹೇಳುತ್ತೇನೆ.

ರಿಂಗ್ ಬಗ್ಗೆ ಮಾತ್ರ ನಾನು ಎಷ್ಟು ಬೇಕಾದರೂ ಹೇಳಬಲ್ಲೆ. ಸೈಬೀರಿಯಾದ ಕುರ್ಗಾನ್ ಊರಿನಲ್ಲಿ ಇಲಿಜಾರೋವ್ ಅನ್ನುವ ಡಾಕ್ಟರ್ 1950ರ ದಶಕದಲ್ಲಿ ಶುರು ಮಾಡಿದ್ದು. ಕಾಲಿನ ಸುತ್ತ ಉಕ್ಕಿನ ಬಳೆಗಳು. ಬಳೆಯಿಂದ ಬಳೆಗೆ ಥ್ರೆಡ್ ಇರುವ ರಾಡು. 1.8 ಮಿಲಿಮೀಟರ್ ವೈರುಗಳು ಮೂಳೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯುತ್ತವೆ, ಸೈಕಲ್ ಚಕ್ರದ ಕಡ್ಡಿಯ ಹಾಗೆ ಎಳೆದು ಬಿಗಿ ಮಾಡಿರುತ್ತಾರೆ. ಮೊಣಕಾಲಿಗೆ ಹತ್ತಿರ, ಒಳ್ಳೆ ಮೂಳೆಯನ್ನು ಬೇಕೆಂದೇ ಕತ್ತರಿಸುತ್ತಾರೆ. ಏಳು ದಿನ ಸುಮ್ಮನೆ ಬಿಡುತ್ತಾರೆ. ಆಮೇಲೆ ಆ ಕತ್ತರಿಸಿದ ತುಂಡನ್ನು ದಿನಕ್ಕೆ 1 ಮಿಲಿಮೀಟರ್ ಕೆಳಗೆ ಇಳಿಸುತ್ತಾ ಹೋಗೋದು. ಮೇಲೆ ತೆರೆದ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತೆ, ಕೆಳಗಿನ ಗ್ಯಾಪ್ ಮುಚ್ಚುತ್ತಾ ಬರುತ್ತೆ. ಒಂದೇ ಸಲ 1 ಮಿಲಿಮೀಟರ್ ತಿರುಗಿಸುವ ಹಾಗಿಲ್ಲ. ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಮಲಗುವಾಗ, ನಾಲ್ಕು ಸಲ ಕಾಲು ಕಾಲು ಮಿಲಿಮೀಟರ್.

ರಾಡಿನ ಪಿಚ್ 1 ಮಿಲಿಮೀಟರ್ ಅಂತ ನೋಡಿದ ತಕ್ಷಣ ನನಗೆ ಗೊತ್ತಾಯಿತು, ಅಷ್ಟು ವರ್ಷ ಥ್ರೆಡ್ ಕಟ್ಟಿಂಗ್ ಮಾಡಿದವನು. ಅಂದರೆ ನಟ್ಟು ಒಂದು ಸುತ್ತು ತಿರುಗಿದರೆ 1 ಮಿಲಿಮೀಟರ್ ಸರಿಯುತ್ತೆ. ಕಾಲು ಸುತ್ತು ಅಂದರೆ 0.25. ಆದರೆ ನಟ್ಟಿಗೆ ಆರು ಮುಖ, ಕಾಲು ಸುತ್ತು ಅಂದರೆ ಒಂದೂವರೆ ಮುಖ. ಎಣಿಸುವಾಗ ತಪ್ಪೋದು ಇಲ್ಲೇ. ನನ್ನ ಮಗಳು ಆಗ ನಾಲ್ಕನೇ ಕ್ಲಾಸು. ಅವಳು ಪ್ರತಿ ನಟ್ಟಿನ ಒಂದು ಮುಖಕ್ಕೆ ಕೆಂಪು ನೇಲ್‌ಪಾಲಿಷ್ ಹಚ್ಚಿದಳು, ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದಳು. ನಾನು 10 ನಂಬರ್ ಸ್ಪ್ಯಾನರ್‌ನಲ್ಲಿ ಈ ಕಡೆಯ ನಟ್ಟು ಸಡಿಲ ಮಾಡಿ, ಆ ಕಡೆಯದು ತಿರುಗಿಸಿ, ಮತ್ತೆ ಬಿಗಿ ಮಾಡಿದ ಮೇಲೆ ಅವಳು ಟಿಕ್ ಹಾಕುತ್ತಿದ್ದಳು. ಮೂರನೇ ವಾರ ಎಕ್ಸ್‌ರೇಯಲ್ಲಿ ಹೊಸ ಮೂಳೆ ಕಾಣಿಸಲೇ ಇಲ್ಲ, ಬರೀ ಕಪ್ಪು. ಡಾಕ್ಟರ್ ಹೆದರಲಿಲ್ಲ, ಕೆಲವು ವಾರ ದಿನಕ್ಕೆ ಮೂರೇ ಸಲ ತಿರುಗಿಸಿ ಅಂದರು. ಮುಂದಿನ ತಿಂಗಳು ಮೋಡದ ಹಾಗೆ ತೆಳ್ಳಗೆ ಬೆಳ್ಳಗೆ ಬಂತು. ಆ ಫಿಲ್ಮ್ ಈಗಲೂ ಬೀರುವಿನಲ್ಲಿದೆ.

9 ಸೆಂಟಿಮೀಟರ್ ಇಳಿಯೋಕೆ 110 ದಿನ ಹಿಡಿಯಿತು. ಅಲ್ಲಿಗೆ ಮುಗಿಯಲ್ಲ. ತುದಿಗೆ ತುದಿ ಬಂದು ಮುಟ್ಟಿದ ಮೇಲೆ ನಡುವೆ ಸಿಕ್ಕಿಕೊಂಡ ಗಾಯದ ಮಾಂಸ ತೆಗೆದು, ಇನ್ನೊಂದು ಸೊಂಟದಿಂದ ಗ್ರಾಫ್ಟ್ ಹಾಕಿದರು. ಹೊಸ ಮೂಳೆ ಗಟ್ಟಿಯಾಗೋಕೆ ಎಳೆದದ್ದಕ್ಕಿಂತ ಎರಡು ಪಟ್ಟು ಜಾಸ್ತಿ ದಿನ ಬೇಕು. 2018ರ ಜೂನ್‌ನಲ್ಲಿ ರಿಂಗ್ ತೆಗೆದರು. ಒಟ್ಟು 14 ತಿಂಗಳು. ನಾನು ಮೊದಲು ದಂಡ ಮಾಡಿದ್ದೂ 14 ತಿಂಗಳೇ.

ವೈರಿನ ಬುಡದಲ್ಲಿ ಆಗಾಗ ಕೆಂಪಾಗುತ್ತೆ, ಸೋರುತ್ತೆ. ಅದಕ್ಕೆ ಗಾಬರಿ ಬೇಡ, ದಿನಾ ಕ್ಲೀನ್ ಮಾಡಿ, ಜಾಸ್ತಿಯಾದರೆ ತೋರಿಸಿ. ಪಾದ ಕೆಳಗೆ ಜೋತು ಬೀಳದ ಹಾಗೆ ಮೊದಲ ದಿನದಿಂದ ಪಟ್ಟಿ ಕಟ್ಟಿಸಿ. ನಾನು ಅಸಡ್ಡೆ ಮಾಡಿದೆ, ಇವತ್ತಿಗೂ ಕುಕ್ಕರುಗಾಲಿನಲ್ಲಿ ಕೂರೋಕೆ ಆಗಲ್ಲ. ಕಾಲು 1 ಸೆಂಟಿಮೀಟರ್ ಗಿಡ್ಡ, ಚಪ್ಪಲಿಗೆ ಅಟ್ಟೆ ಹಾಕಿಸಿದ್ದೇನೆ. ಲೇತ್ ಮುಂದೆ ಎಂಟು ಗಂಟೆ ನಿಲ್ಲೋಕೆ ಆಗಲ್ಲ, ಅದೇ ಕಂಪನಿಯಲ್ಲಿ ಈಗ ಇನ್‌ಸ್ಪೆಕ್ಷನ್ ಕೆಲಸ. ನಿಮ್ಮ ತಮ್ಮ ಬೀಡಿ, ಸಿಗರೇಟು ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಹೊಗೆ ಮೂಳೆಗೆ ಹೋಗುವ ರಕ್ತವನ್ನೇ ಕಮ್ಮಿ ಮಾಡುತ್ತೆ. ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಲ್ಲ.

ವಾರ್ಡಿನಲ್ಲಿ ನನ್ನ ಡಾಕ್ಟರ್ ಒಬ್ಬರ ಕಥೆ ಹೇಳುತ್ತಿದ್ದರು. ರಷ್ಯಾದ ವಲೇರಿ ಬ್ರುಮೆಲ್, 1964ರ ಟೋಕಿಯೋ ಒಲಿಂಪಿಕ್ಸ್ ಹೈಜಂಪ್‌ನಲ್ಲಿ ಚಿನ್ನ ಗೆದ್ದವರು. ಮರುವರ್ಷ ಬೈಕ್ ಅಪಘಾತದಲ್ಲಿ ಕಾಲು ನುಚ್ಚುನೂರಾಯಿತು. ಎಷ್ಟೋ ಆಪರೇಷನ್ ಆದರೂ ಕೂಡಲಿಲ್ಲ. ಕೊನೆಗೆ ಕುರ್ಗಾನ್‌ಗೆ ಹೋಗಿ ಇಲಿಜಾರೋವ್ ಹತ್ತಿರ ರಿಂಗ್ ಹಾಕಿಸಿಕೊಂಡು ಮತ್ತೆ ಜಿಗಿದರು. ರಾತ್ರಿ ಕಾಲು ಸೆಳೆಯುವಾಗ ನಾನು ಅದನ್ನೇ ನೆನೆಸಿಕೊಳ್ಳುತ್ತಿದ್ದೆ.

ನಾಳೆ ಡಾಕ್ಟರ್ ರೌಂಡ್ಸಿಗೆ ಬಂದಾಗ ಮೂರು ಮಾತು ಕೇಳಿ. ಆ 2 ಸೆಂಟಿಮೀಟರಿಗೆ ಮಾಂಸ ಅಂಟಿಕೊಂಡಿದೆಯಾ? ಅಂಟಿಕೊಂಡಿದ್ದರೆ ಕೆಲವು ಸಲ ಉಳಿಯುತ್ತೆ, ಅದನ್ನು ಅವರೇ ಹೇಳುತ್ತಾರೆ. ಉಜ್ಜಿದಾಗ ರಕ್ತ ಬಂತಾ? ಆಳದ ಕಲ್ಚರ್ ಕಳಿಸುತ್ತೀರಾ? ಮಾಂಸವೂ ಇಲ್ಲ, ರಕ್ತವೂ ಇಲ್ಲ ಅಂದರೆ ಸಹಿ ಹಾಕಿ. 5 ಇದ್ದದ್ದು 7 ಆಗುತ್ತೆ, ಆಗಲಿ. ರಿಂಗ್ ಹಾಕಿದರೆ ಆ 2 ಸೆಂಟಿಮೀಟರಿಗೆ ಸ್ಪ್ಯಾನರ್ ತಿರುಗಿಸೋದು ಇಪ್ಪತ್ತು ದಿನ ಜಾಸ್ತಿ, ರಿಂಗ್ ಕಾಲಲ್ಲಿ ಇರೋದು ಎರಡು ಮೂರು ತಿಂಗಳು ಜಾಸ್ತಿ. ಕಲ್ಚರ್ ರಿಪೋರ್ಟ್ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ನಾನು ನೋಡುತ್ತಿರುತ್ತೇನೆ.