ರೈತರ ಪ್ರಶ್ನೆಗೆ ಉತ್ತರ: ಕಂತು ನಿಂತದ್ದು ಎಲ್ಲಿ?

ಪ್ರಶ್ನೆ: ಪಿಎಂ ಕಿಸಾನ್ ಹಣ ಮೊದಲೆಲ್ಲ ಸರಿಯಾಗಿ ಬರುತ್ತಿತ್ತು. ಈಗ ಎರಡು ಕಂತು ಬಂದಿಲ್ಲ. ಇ-ಕೆವೈಸಿ ಆಗಿದೆ, ಬ್ಯಾಂಕಿಗೆ ಆಧಾರ್ ಕೂಡ ಕೊಟ್ಟಿದ್ದೇನೆ. ಇನ್ನೇನು ಮಾಡಲಿ?
— ಓದುಗರು, ಹಾನಗಲ್

ಉತ್ತರ: ಕಚೇರಿಗೆ ಅಲೆಯುವ ಮೊದಲು ಪಿಎಂ ಕಿಸಾನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನಿಮ್ಮ ಸ್ಟೇಟಸ್ ತೆಗೆಯಿರಿ. ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆ ಜೋಡಣೆ), ಇ-ಕೆವೈಸಿ, ಆಧಾರ್-ಬ್ಯಾಂಕ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಣೆ) ಎಂಬ ಮೂರು ಸಾಲುಗಳಲ್ಲಿ ಯಾವುದರ ಮುಂದೆ ‘ನೋ’ ಇದೆಯೋ ಕಂತು ಅಲ್ಲಿ ಸಿಕ್ಕಿಕೊಂಡಿದೆ.

ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ಪಾಸ್‌ಬುಕ್ಕಿಗೆ ಆಧಾರ್ ಜೆರಾಕ್ಸ್ ಕೊಡುವುದೇ ಬೇರೆ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಾಗುವುದೇ ಬೇರೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕು ಮ್ಯಾಪ್ ಆಗಿರುತ್ತದೆ, ಅದೂ ಕೊನೆಗೆ ಜೋಡಿಸಿದ್ದು. ಸಂಘದ ಸಾಲಕ್ಕೆಂದು ಹೊಸ ಖಾತೆ ತೆರೆದು ಅಲ್ಲಿ ಒಪ್ಪಿಗೆ ಸಹಿ ಹಾಕಿದ್ದರೆ ಹಣ ಆ ಖಾತೆಗೇ ಹೋಗಿರಬಹುದು. ಮೊದಲು ಆ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಬ್ಯಾಂಕಿನ ಹೆಸರು ಕಾಣುತ್ತದೆ. ‘ಇನ್‌ಆ್ಯಕ್ಟಿವ್’ ಎಂದಿದ್ದರೆ ಬ್ಯಾಂಕಿಗೆ ಹೋಗಿ, ‘ಡಿಬಿಟಿಗಾಗಿ (ಸರ್ಕಾರದ ಹಣ ನೇರ ಖಾತೆಗೆ ಬರಲು) ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ’ ಎಂದೇ ಕೇಳಿ, ಒಪ್ಪಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೀ ‘ಆಧಾರ್ ಲಿಂಕ್’ ಎಂದರೆ ಕೆವೈಸಿ ಮಾಡಿ ಕಳಿಸಿಬಿಡುತ್ತಾರೆ.

ಲ್ಯಾಂಡ್ ಸೀಡಿಂಗ್ ‘ನೋ’ ಎಂದಿದ್ದರೆ ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ರೈತರ ವಿವರ ದಾಖಲಿಸುವ ರಾಜ್ಯದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆ) ಎಲ್ಲ ಸರ್ವೆ ನಂಬರ್ ಸೇರಿವೆಯೇ ಎಂದು ಒಂದೊಂದಾಗಿ ತಾಳೆ ನೋಡಿಸಿ. ಪಹಣಿಯಲ್ಲಿ ‘ಬಸಪ್ಪ’, ಆಧಾರ್‌ನಲ್ಲಿ ‘ಬಸವರಾಜಪ್ಪ’ ಎಂದಿದ್ದರೆ ತಕರಾರು ಶುರುವಾಗುವುದೇ ಅಲ್ಲಿ.

ಪ್ರಶ್ನೆ: ತಂದೆ ತೀರಿಕೊಂಡು ವರ್ಷವಾಯಿತು. ಜಮೀನು ಇನ್ನೂ ಅವರ ಹೆಸರಲ್ಲೇ ಇದೆ. 2019ರ ಫೆಬ್ರುವರಿ 1ರ ನಂತರ ಹೆಸರಿಗೆ ಬಂದ ಜಮೀನಿಗೆ ಕಿಸಾನ್ ಹಣ ಇಲ್ಲವಂತೆ, ನಿಜವೇ?
— ಓದುಗರು, ಶಿರಾ

ಉತ್ತರ: ಆ ದಿನಾಂಕದ ನಂತರ ಕೊಂಡ ಜಮೀನಿಗೆ ಇಲ್ಲ. ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದದ್ದಕ್ಕೆ ಈ ತಡೆ ಅನ್ವಯಿಸುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಸೇರಿಸಿ ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಪಹಣಿ ನಿಮ್ಮ ಹೆಸರಿಗೆ ಬಂದ ಮೇಲೆ ಎಫ್‌ಐಡಿ, ಆಮೇಲೆ ಕಿಸಾನ್ ನೋಂದಣಿ. ಈ ಕ್ರಮ ತಪ್ಪಿದರೆ ಅರ್ಜಿ ತಿರಸ್ಕಾರವಾಗುತ್ತದೆ. ತಂದೆಯವರ ಖಾತೆಗೆ ಇನ್ನೂ ಕಂತು ಬರುತ್ತಿದ್ದರೆ ಮುಟ್ಟಬೇಡಿ, ಕೃಷಿ ಇಲಾಖೆಗೆ ತಿಳಿಸಿ.

ಪ್ರಶ್ನೆ: ಮಳೆಗೆ ಒಂದೂವರೆ ಎಕರೆ ಮೆಕ್ಕೆಜೋಳ ಪೂರ್ತಿ ಹೋಯಿತು. ಪರಿಹಾರ ಬಂದದ್ದು ಐದು ಸಾವಿರ ಚಿಲ್ಲರೆ. ಲೆಕ್ಕ ತಪ್ಪಿದೆಯೇ?
— ಓದುಗರು, ಶಿಗ್ಗಾವಿ

ಉತ್ತರ: ಲೆಕ್ಕ ಸರಿಯಾಗಿಯೇ ಇದೆ. 2022-26ರ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ದರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಒಂದೂವರೆ ಎಕರೆ ಎಂದರೆ 0.607 ಹೆಕ್ಟೇರ್, ಅದಕ್ಕೆ ಸುಮಾರು 5,160 ರೂಪಾಯಿ. ಗೊಬ್ಬರ, ಬೀಜದ ಖರ್ಚೂ ಇದರಲ್ಲಿ ಹುಟ್ಟುವುದಿಲ್ಲ ಎಂಬ ನಿಮ್ಮ ಸಂಕಟ ನ್ಯಾಯವಾದದ್ದೇ. ಆದರೆ ಕೊಳವೆಬಾವಿ ಇದ್ದೂ ಬೆಳೆ ಸಮೀಕ್ಷೆಯಲ್ಲಿ ‘ಮಳೆಯಾಶ್ರಿತ’ ಎಂದು ದಾಖಲಾಗಿದ್ದರೆ ಅರ್ಧ ಹಣ ಕೈತಪ್ಪಿದೆ ಎಂದರ್ಥ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿನ ಫೋಟೊ, ಬೆಳೆ, ನೀರಿನ ಮೂಲ ನೋಡಿ. ತಪ್ಪಿದ್ದರೆ ಆಕ್ಷೇಪಣೆಯ ಅವಧಿ ಮುಗಿಯುವುದರೊಳಗೆ ಸಲ್ಲಿಸಿ.